ಕೊಳೆ ಹಚ್ಚಿದ ವಿಮಾನ

ಹೊಸ ಬೆಳ್ಳಿ ಲೋಟ ತಂದು, ಅದಕ್ಕೆ ಒಲೆಯ ಮಸಿ ಬಳಿದು, ಮನೆಗೆ ಬಂದವರ ಮುಂದೆ ಇಡುವವರು ಯಾರಾದರೂ ಇದ್ದಾರೆಯೇ? ಬದರಿನಾಥ ಕೇಳುತ್ತಿದ್ದ ಪ್ರಶ್ನೆ ಇಷ್ಟೇ. ಕೇಳುತ್ತಿದ್ದದ್ದು ಹೆಂಡತಿ ವಿಮಲಾಳನ್ನು, ಅದೂ ಉತ್ತರ ಬೇಕಾಗಿ ಅಲ್ಲ. ಅವನ ಗೆಳೆಯ ಸೀನು ತನ್ನ ಹೊಸ ವಿಮಾನಕ್ಕೆ ಬೇಕೆಂದೇ ಕೊಳೆ ಹಚ್ಚುತ್ತಿದ್ದ. ನೋಡಿದವರೆಲ್ಲ ಆಹಾ ಎನ್ನುತ್ತಿದ್ದರು. ಆ ಆಹಾ ಬದರಿಯಿಂದ ಸಹಿಸಲಾಗುತ್ತಿರಲಿಲ್ಲ.

ವಿಮಾನ ಎಂದರೆ ಮನುಷ್ಯರು ಕೂರುವ ವಿಮಾನವಲ್ಲ. ಹಗುರವಾದ ಬಾಲ್ಸಾ ಮರದಲ್ಲಿ ಕಟ್ಟಿ, ಮೇಲೆ ತೆಳು ರೇಷ್ಮೆ ಬಟ್ಟೆ ಅಂಟಿಸಿ, ಬಣ್ಣ ಹೊಡೆದು, ಮೂಗಿಗೆ ಪುಟ್ಟ ಎಂಜಿನ್ ಕೂರಿಸಿ, ನೆಲದ ಮೇಲೆ ನಿಂತು ರೇಡಿಯೋ ಪೆಟ್ಟಿಗೆಯಿಂದ ಹಾರಿಸುವ ಯುದ್ಧವಿಮಾನದ ಮಾದರಿ. ಜಯನಗರ, ಸಿದ್ದಾಪುರ, ಬನಶಂಕರಿ ಕಡೆಯ ಹತ್ತು ಹನ್ನೆರಡು ಜನ ಈ ಹುಚ್ಚಿಗೆ ಬಿದ್ದಿದ್ದರು. ಭಾನುವಾರ ಬೆಳಿಗ್ಗೆ ಸ್ಕೂಟರಿನ ಹಿಂದೆ ರೆಕ್ಕೆ ಕಟ್ಟಿಕೊಂಡು, ಬಿಳೇಕಹಳ್ಳಿ ದಾಟಿ, ಅರೆಕೆರೆ ಹತ್ತಿರದ ಬಯಲಿಗೆ ಹೋಗುತ್ತಿದ್ದರು. ಮಕ್ಕಳ ಆಟಕ್ಕೆ ಇಷ್ಟು ದೊಡ್ಡ ಗಂಡಸರೇ ಎಂದು ದಾರಿಯ ಜನ ನಗುತ್ತಿದ್ದರು. ನಗುವವರಿಗೆ ಏನು ಗೊತ್ತು? ಆ ಬಯಲಲ್ಲಿ ಆಗುತ್ತಿದ್ದ ಮಾನ ಅವಮಾನಗಳು ಆಫೀಸಿನಲ್ಲಿ ಬಡ್ತಿ ಸಿಕ್ಕಾಗ, ತಪ್ಪಿದಾಗ ಆಗುತ್ತಿದ್ದುದಕ್ಕಿಂತ ಹೆಚ್ಚು.

ಆ ಬಯಲಿನಲ್ಲಿ ಬದರಿನಾಥನದೇ ಮೊದಲ ಹೆಸರು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ ಅವನ ಕೈ ಬಹಳ ಅಚ್ಚುಕಟ್ಟು. ಜಯನಗರದ ಮನೆಯ ಹಿಂದೆ ಒಂದು ಶೆಡ್ಡು, ಅದರಲ್ಲಿ ಹಳೇ ಫ್ರಿಜ್ಜಿನ ಕಂಪ್ರೆಸರಿಗೆ ಜೋಡಿಸಿದ ಸ್ಪ್ರೇ ಗನ್ನು. ಈ ಪುಟ್ಟ ಎಂಜಿನ್ನುಗಳಿಗೆ ಹಾಕುವುದು ಮೆಥನಾಲಿಗೆ ಹರಳೆಣ್ಣೆ ಬೆರೆಸಿದ ಇಂಧನ. ಅದು ಚೆಲ್ಲಿದ ಕಡೆ ಬಣ್ಣವನ್ನು ತಿಂದುಹಾಕುತ್ತದೆ. ಹಾಗಾಗಿ ಬಣ್ಣದ ಮೇಲೆ ಗಾಜಿನಂಥ ಒಂದು ಪದರ ಬೇಕು. ಅದಕ್ಕೆ ಅವರೆಲ್ಲ ಕ್ಲಿಯರ್ ಎನ್ನುತ್ತಿದ್ದರು. ಎರಡು ಡಬ್ಬದ ದ್ರವ ಬೆರೆಸಿ, ಧೂಳು ಕೂರದ ಹಾಗೆ, ಹರಿದು ಇಳಿಯದ ಹಾಗೆ ಅದನ್ನು ಹೊಡೆಯುವುದು ಬದರಿಗೆ ಮಾತ್ರ ಬರುತ್ತಿತ್ತು. ಗುಂಪಿನ ಎಲ್ಲರ ವಿಮಾನವೂ ಕೊನೆಗೆ ಅವನ ಶೆಡ್ಡಿಗೇ ಬರಬೇಕು. ಅವನ ಸ್ವಂತ ವಿಮಾನಗಳಂತೂ ಷೋರೂಮಿನ ಕಾರಿನ ಹಾಗೆ ಫಳಫಳ ಎನ್ನುತ್ತಿದ್ದವು. ಬಗ್ಗಿ ನೋಡಿದರೆ ಮುಖ ಕಾಣಬೇಕು, ಅದು ಅವನ ಲೆಕ್ಕ.

ಆ ಗುಂಪಿಗೆ ಹಿರಿಯರು ವಿಂಗ್ ಕಮಾಂಡರ್ ದೇವದಾಸ್. ವಾಯುಪಡೆಯಿಂದ ನಿವೃತ್ತರಾಗಿ ಜೆ.ಪಿ. ನಗರದಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ನಲವತ್ತೇಳರಲ್ಲಿ ಕಾಶ್ಮೀರದ ಮೇಲೆ ನಿಜವಾದ ಸ್ಪಿಟ್‌ಫೈರ್ ಹಾರಿಸಿದವರು. ಅವರು ಮಾಡಿದ ಒಂದು ಪದ್ಧತಿ ಇತ್ತು. ಪ್ರತಿ ವಿಜಯದಶಮಿಗೆ ಎಲ್ಲರೂ ತಮ್ಮ ವಿಮಾನಗಳನ್ನು ಬಯಲಿನಲ್ಲಿ ಸಾಲಾಗಿ ಇಡಬೇಕು. ಅವರು ಒಂದೊಂದನ್ನೂ ನೋಡುತ್ತ ಬಂದು, ಮನಸ್ಸಿಗೆ ಹಿಡಿಸಿದ ಒಂದೇ ಒಂದನ್ನು ಎತ್ತಿ ತಮ್ಮ ಕೈಯಾರೆ ಹಾರಿಸುವರು. ಕಪ್ಪಿಲ್ಲ, ಸರ್ಟಿಫಿಕೇಟಿಲ್ಲ, ಅದೇ ಬಹುಮಾನ. ವರ್ಷ ವರ್ಷವೂ ಅವರು ಎತ್ತುತ್ತಿದ್ದದ್ದು ಬದರಿಯದನ್ನೇ. ಉಳಿದವರು ಎರಡನೆಯ ಸ್ಥಾನದ ಬಗ್ಗೆ ಮಾತ್ರ ಜಗಳವಾಡುತ್ತಿದ್ದರು, ಮತ್ತು ಎರಡನೆಯ ಸ್ಥಾನ ಎನ್ನುವುದೇ ಇರಲಿಲ್ಲ.

ನಾವು ವಿಶ್ವಕಪ್ ಗೆದ್ದು ಊರೆಲ್ಲ ಕುಣಿದ ವರ್ಷ ಅದು. ದೇವದಾಸರನ್ನು ಮೆಚ್ಚಿಸಲು ಬದರಿ ಆ ಸಲ ಸ್ಪಿಟ್‌ಫೈರನ್ನೇ ಕಟ್ಟಲು ಹೊರಟ. ಅದೇ ನಕ್ಷೆಯನ್ನು ಸೀನುವೂ ಕೇಳಿ ಪಡೆದುಕೊಂಡು ಹೋದ. ಸೀನು ಸಿದ್ದಾಪುರದವನು, ಬ್ಯಾಂಕಿನಲ್ಲಿ ಗುಮಾಸ್ತ, ಬದರಿಯ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಅವನು ಕಟ್ಟಿದ ರೆಕ್ಕೆ ಯಾವಾಗಲೂ ಕೂದಲೆಳೆಯಷ್ಟು ಸೊಟ್ಟ. ಹಾಗಾಗಿ ಬದರಿ ಧಾರಾಳವಾಗಿ ನಕ್ಷೆ ಕೊಟ್ಟ. ನಮಗಿಂತ ಹಿಂದಿರುವವರ ವಿಷಯದಲ್ಲಿ ಧಾರಾಳವಾಗಿರುವುದು ಎಷ್ಟು ಸುಲಭ ನೋಡಿ.

ಶ್ರಾವಣದ ಒಂದು ಭಾನುವಾರ ಸೀನು ಬಣ್ಣ ಮುಗಿದ ಒಂದು ರೆಕ್ಕೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಬಯಲಿಗೆ ತಂದ. ಬಿಚ್ಚಿದಾಗ ಬದರಿಗೆ ಮೊದಲು ಅಯ್ಯೋ ಪಾಪ ಎನಿಸಿತು, ಎಲ್ಲೋ ಬೀಳಿಸಿಕೊಂಡಿದ್ದಾನೆ ಎಂದು. ಹಸಿರು ಕಂದು ಬಣ್ಣ ಬಿಸಿಲಿಗೆ ಮಾಸಿದಂತಿತ್ತು. ಪೈಲಟ್ ಕಾಲಿಟ್ಟು ಹತ್ತುವ ಜಾಗದಲ್ಲಿ ಬಣ್ಣ ಸವೆದು ಒಳಗಿನ ಬೆಳ್ಳಿ ಇಣುಕುತ್ತಿತ್ತು. ಬಂದೂಕಿನ ತೂತುಗಳ ಹಿಂದೆ ಕಪ್ಪು ಹೊಗೆ ಎಳೆದಿತ್ತು. ಆಮೇಲೆ ತಿಳಿಯಿತು, ಎಲ್ಲವೂ ಬೇಕೆಂದೇ ಮಾಡಿದ್ದು. ಮೊದಲು ಬೆಳ್ಳಿ ಬಣ್ಣ, ಅದರ ಮೇಲೆ ಹಸಿರು, ಆಮೇಲೆ ನಯವಾದ ಉಪ್ಪುಕಾಗದದಿಂದ ಬೇಕಾದಲ್ಲಿ ಮಾತ್ರ ತಿಕ್ಕಿ ಹಸಿರು ತೆಗೆದಿದ್ದಾನೆ. ಧೂಳಿಗೆ ಅರೆಕೆರೆ ಬಯಲಿನದೇ ಕೆಮ್ಮಣ್ಣು, ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿದ್ದು.

ದೇವದಾಸ್ ಆ ರೆಕ್ಕೆಯನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತರು. ಮೂಗಿನ ಹತ್ತಿರ ತಂದು ಮೂಸಿದರು. "ಇದು ಯುದ್ಧಕ್ಕೆ ಹೋಗಿ ಬಂದಿದೆ ಕಣಯ್ಯಾ," ಎಂದರು. ಅಷ್ಟೇ ಮಾತು. ಬದರಿಯ ಫಳಫಳ ವಿಮಾನಗಳನ್ನು ಅವರು ವರ್ಷ ವರ್ಷವೂ ಹಾರಿಸಿದ್ದರು, ನಿಜ. ಆದರೆ ಯಾವತ್ತೂ ಮೂಸಿರಲಿಲ್ಲ.

ಅವತ್ತಿನಿಂದ ಬದರಿಗೆ ಅನ್ನ ಸೇರಲಿಲ್ಲ. ಊಟಕ್ಕೆ ಕೂತರೆ ಸೀನು, ಆಫೀಸಿನಲ್ಲಿ ಗೆರೆ ಎಳೆದರೆ ಸೀನು. ತನ್ನ ಸ್ಪಿಟ್‌ಫೈರಿಗೆ ಮತ್ತೊಂದು ಸಲ ಕ್ಲಿಯರ್ ಹೊಡೆದ, ನೀರು ಹಾಕಿ ಉಜ್ಜಿದ, ಪಾಲಿಷ್ ಹಾಕಿದ. ಅದು ಇನ್ನಷ್ಟು ಹೊಳೆಯಿತು. ಹೊಳೆದಷ್ಟೂ ಅವನಿಗೆ ಅದು ಅಂಗಡಿಯ ಷೋಕೇಸಿನ ಗೊಂಬೆಯಂತೆ ಕಂಡಿತು. ಹೀಗೆ ಕಂಡಿತಲ್ಲ, ಅದಕ್ಕೂ ಸೀನುವಿನ ಮೇಲೆಯೇ ಸಿಟ್ಟು.

ಸಿಟ್ಟಿಗೆ ತುಪ್ಪ ಸುರಿದದ್ದು ಅಡುಗೆಮನೆಯ ಕತೆ. ವಿಮಲಾ ಮನೆಯಲ್ಲೇ ಕಾಡಿಗೆ ಮಾಡುತ್ತಿದ್ದಳು. ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಕವುಚಿ ಇಟ್ಟರೆ ಅದರಲ್ಲಿ ಮಸಿ ಹಿಡಿಯುತ್ತದೆ, ಆ ಮಸಿಗೆ ಬೆಣ್ಣೆ ಬೆರೆಸಿದರೆ ಕಾಡಿಗೆ. ಒಂದು ದಿನ ಅವಳು ಬೆಣ್ಣೆ ಬೆರೆಸದ ಒಣ ಮಸಿಯನ್ನು ಹಾಗೇ ಡಬ್ಬಿಗೆ ಕೆರೆದು ಹಾಕುತ್ತಿರುವುದನ್ನು ಕಂಡು ಬದರಿ ಯಾಕೆಂದು ಕೇಳಿದ. ಸೀನುಗೆ ಎಂದಳು. ವಿಮಾನದ ಹೊಗೆಗೆ ಇದಕ್ಕಿಂತ ಒಳ್ಳೇ ಕಪ್ಪು ಇಲ್ಲವಂತೆ, ಎಂಜಿನ್ನಿಗೂ ಹರಳೆಣ್ಣೆಯೇ ಅಂತಲ್ಲ, ಅದೇ ಮಸಿ ಇದೂ, ಅತ್ತಿಗೆ ಸ್ವಲ್ಪ ಕೊಡಿ ಅಂತ ಕೇಳಿದ್ದನಂತೆ.

ನನ್ನ ಮನೆ ದೀಪದ ಮಸಿ ಅವನ ವಿಮಾನಕ್ಕೆ ಯಾಕೆ ಎಂದು ಬದರಿ ರೇಗಿದ. ವಿಮಲಾ ತಟ್ಟೆ ಕೆರೆಯುವುದನ್ನು ನಿಲ್ಲಿಸಲಿಲ್ಲ. "ಅವ್ರು ಕೇಳಿದ್ರು, ಕೊಟ್ಟೆ. ನೀವು ಆ ಶೆಡ್ಡಲ್ಲಿ ಇಷ್ಟು ವರ್ಷದಿಂದ ಇದೀರ, ನನ್ನ ಯಾವತ್ತಾದ್ರೂ ಏನಾದ್ರೂ ಕೇಳಿದೀರಾ?" ಎಂದಳು. ಬದರಿ ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡ. ಅವಳ ಮಾತು ನಿಜವಾದ್ದಕ್ಕೇ ಹೊಟ್ಟೆಯುರಿ ಇನ್ನೂ ಜಾಸ್ತಿಯಾಯಿತು.

ಆ ವರ್ಷ ಆಯುಧಪೂಜೆ ಶನಿವಾರ ಬಂತು, ವಿಜಯದಶಮಿ ಭಾನುವಾರ. ಗುರುವಾರ ಸಂಜೆ ಸೀನು ತನ್ನ ಸ್ಪಿಟ್‌ಫೈರನ್ನು ಹಾಸಿಗೆ ಹೊದಿಕೆಯಲ್ಲಿ ಸುತ್ತಿ ಆಟೋದಲ್ಲಿ ತಂದ. ಕೂಸನ್ನು ಇಳಿಸಿದ ಹಾಗೆ ಬದರಿಯ ಬೆಂಚಿನ ಮೇಲೆ ಇಳಿಸಿದ. ಇನ್ನು ಕ್ಲಿಯರ್ ಒಂದೇ ಬಾಕಿ. ಮಸಿ, ಕೆಮ್ಮಣ್ಣು ಎಲ್ಲ ಸುಮ್ಮನೆ ಮೇಲೆ ಕೂತಿದೆ, ಒಂದು ಬೆರಳು ತಾಗಿದರೂ ಹೋಗುತ್ತದೆ, ಮುಟ್ಟದೆ ಹೊಡಿ ಎಂದ. ಹೊಳಪು ಬೇಡ, ಕ್ಲಿಯರಿಗೆ ಒಂದು ಚಿಟಿಕೆ ಮುಖದ ಪೌಡರ್ ಬೆರೆಸು, ಮಂಕಾಗುತ್ತೆ ಎಂದೂ ಹೇಳಿದ. ಬದರಿ ಎಲ್ಲಕ್ಕೂ ತಲೆಯಾಡಿಸಿದ. ಮೋಡ ಇದೆ, ಥಂಡಿಯಲ್ಲಿ ಹೊಡೆದರೆ ಕ್ಲಿಯರ್ ಬೆಳ್ಳಗಾಗಿಬಿಡುತ್ತದೆ, ಶನಿವಾರ ಬಿಸಿಲು ಬಂದ ಮೇಲೆ ಹೊಡೆಯುತ್ತೇನೆ ಎಂದ. ಮಾತು ಸುಳ್ಳಲ್ಲ. ಆದರೆ ಅದಕ್ಕಿಂತ ಹೆಚ್ಚು ಮೋಡ ಇದ್ದ ದಿನಗಳಲ್ಲಿ ಸಿಗಡಿ ಒಲೆ ಉರಿಸಿ ಶೆಡ್ಡು ಬೆಚ್ಚಗೆ ಮಾಡಿಕೊಂಡು ಅವನು ಬೇರೆಯವರದ್ದನ್ನು ಹೊಡೆದಿದ್ದ.

ಸೀನು ಹೋದ ಮೇಲೆ ಬದರಿ ಎರಡೂ ವಿಮಾನಗಳನ್ನು ಅಕ್ಕಪಕ್ಕ ಇಟ್ಟು ನೋಡಿದ. ಒಂದೇ ನಕ್ಷೆ, ಒಂದೇ ಅಳತೆ, ರೆಕ್ಕೆಯ ಮೇಲೆ ಒಂದೇ ಚಕ್ರದ ಗುರುತು. ತನ್ನದು ಮದುವೆಯ ಗಂಡಿನ ಹಾಗೆ ನಿಂತಿತ್ತು. ಸೀನುವಿನದು ಈಗ ತಾನೇ ಇಳಿದು, ಎಂಜಿನ್ ಇನ್ನೂ ಬಿಸಿಯಿರುವ ಹಾಗಿತ್ತು. ಸೀನುವಿನ ಸೊಟ್ಟ ರೆಕ್ಕೆಯೂ ಈಗ ಸೊಟ್ಟ ಅನಿಸಲಿಲ್ಲ, ಹಳೇ ವಿಮಾನವಲ್ಲವೇ, ಸ್ವಲ್ಪ ಜಗ್ಗಿದೆ ಎನಿಸಿತು. ಭಾನುವಾರ ದೇವದಾಸರ ಕೈ ಯಾವುದಕ್ಕೆ ಹೋಗುತ್ತದೆ ಎನ್ನುವುದರಲ್ಲಿ ಬದರಿಗೆ ಸಂಶಯವೇ ಉಳಿಯಲಿಲ್ಲ. ಮುಂದೆ ತಾನು ಯಾರು? ಎಲ್ಲರ ವಿಮಾನಕ್ಕೂ ಕ್ಲಿಯರ್ ಹೊಡೆದುಕೊಡುವವನು, ಅಷ್ಟೇ.

ಶನಿವಾರ ಬೆಳಿಗ್ಗೆ ಮನೆಯಲ್ಲಿ ಆಯುಧಪೂಜೆಯ ಗಡಿಬಿಡಿ. ಬದರಿಯ ತಾಯಿ ಕಮಲಾದೇವಿ ಈ ಹಬ್ಬದಲ್ಲಿ ಯಾರ ಮಾತನ್ನೂ ಕೇಳುವವರಲ್ಲ. ಸ್ಕೂಟರು, ಹೊಲಿಗೆ ಯಂತ್ರ, ಈಳಿಗೆಮಣೆ, ರುಬ್ಬುವ ಕಲ್ಲು, ಕೊನೆಗೆ ಗೋಡೆಯ ಗಡಿಯಾರದವರೆಗೆ ತೊಳೆಯುವುದನ್ನು ತೊಳೆದು, ಒರೆಸುವುದನ್ನು ಒರೆಸಿ, ಅರಿಶಿನ ಕುಂಕುಮ ಇಡಬೇಕು. ವರ್ಷಕ್ಕೊಮ್ಮೆ ಶೆಡ್ಡಿಗೂ ಅವರ ಪ್ರವೇಶ. ಬದರಿ ಸ್ನಾನ ಮುಗಿಸಿ ಹಿತ್ತಲಿಗೆ ಬಂದಾಗ ಅವರು ಬೆಂಚಿನ ಮುಂದೆ ಒದ್ದೆ ಬಟ್ಟೆ ಹಿಡಿದು ನಿಂತಿದ್ದರು. ಬದರಿಯ ವಿಮಾನ ಒರೆಸಿ ಆಗಿತ್ತು. ಸೀನುವಿನದರ ಮುಂದೆ ನಿಂತು ಲೊಚಗುಟ್ಟುತ್ತಿದ್ದರು.

"ಇದು ಸೀನುದಲ್ವೇನೋ? ಏನೋ ಇದು, ಇಷ್ಟು ಕೊಳೆ. ಒರೆಸ್ಲಾ?"

ಬದರಿ ಬಾಗಿಲಲ್ಲೇ ನಿಂತ. ಬೇಡಮ್ಮಾ ಅಂದರೆ ಮುಗಿಯುತ್ತಿತ್ತು. ಆ ಮಾತು ಬಾಯಿಯವರೆಗೆ ಬಂದಿತ್ತು ಕೂಡ. ಆದರೆ ಅದೇ ಕ್ಷಣದಲ್ಲಿ ಅವನಿಗೆ ದೇವದಾಸರು ಆ ರೆಕ್ಕೆಯನ್ನು ಮೂಸಿದ್ದು ನೆನಪಾಯಿತು.

"ಒರೆಸಮ್ಮಾ," ಎಂದ. "ಚೆನ್ನಾಗಿ ಒರೆಸು. ಒಂಚೂರೂ ಕೊಳೆ ಇರಬಾರ್ದು."

ಕಮಲಾದೇವಿ ಒರೆಸಿದರು. ಮಗನ ಗೆಳೆಯನದು ಎಂದು ಇನ್ನಷ್ಟು ಮುತುವರ್ಜಿಯಿಂದ ಒರೆಸಿದರು. ಸೀನು ತಿಂಗಳುಗಟ್ಟಲೆ ಕೂತು ಕೂರಿಸಿದ ಹೊಗೆ, ಧೂಳು, ಎಣ್ಣೆಯ ಗೆರೆ ಎಲ್ಲ ಅವರ ಹಳೇ ಸೀರೆಯ ತುಂಡಿಗೆ ಬಂತು. ಕಿತ್ತುಹೋದ ಬಣ್ಣ ಮಾತ್ರ ಸರಿಹೋಗಲಿಲ್ಲ, ಪಾಪ ಎಂದರು. ಆಮೇಲೆ ಎರಡೂ ವಿಮಾನಗಳ ಮೂಗಿಗೆ ಅರಿಶಿನ ಹಚ್ಚಿ, ಅದರ ಮೇಲೆ ಹೆಬ್ಬೆರಳಿನಿಂದ ಕುಂಕುಮ ಒತ್ತಿ, ಒಂದೊಂದು ಸೇವಂತಿಗೆ ಇಟ್ಟರು. ಇವತ್ತೆಲ್ಲ ಕುಂಕುಮ ಅಳಿಸಬಾರದು ಎಂದು ಮಗನಿಗೆ ತಾಕೀತು ಮಾಡಿ ಹೋದರು.

ಮಧ್ಯಾಹ್ನ ಬಿಸಿಲು ಬಂತು. ಬದರಿ ಸೀನುವಿನ ವಿಮಾನಕ್ಕೆ ಕ್ಲಿಯರ್ ಹೊಡೆದ. ಪೌಡರ್ ಬೆರೆಸಲಿಲ್ಲ. ಹೊಳಪಿನ ಕ್ಲಿಯರನ್ನೇ ಹೊಡೆದ, ಇನ್ನು ಅದರ ಮೇಲೆ ಸೀನು ಏನು ಹಚ್ಚಿದರೂ ಜಾರಿಹೋಗುವ ಹಾಗೆ. ಕುಂಕುಮವನ್ನು ಹಾಗೇ ಬಿಟ್ಟ. ತಾಯಿ ಅಳಿಸಬಾರದು ಎಂದಿದ್ದರು, ಅದೊಂದು ನೆಪ. ಮದುವೆ ದಿಬ್ಬಣದ ಕಾರಿನ ಹಾಗೆ ಯುದ್ಧವಿಮಾನವೊಂದು ಕುಂಕುಮ ಇಟ್ಟುಕೊಂಡು ಬಯಲಿಗೆ ಬಂದರೆ ಹೇಗಿರುತ್ತದೆ ಎಂದು ಒಳಗೊಳಗೇ ನಕ್ಕದ್ದು ನಿಜವಾದ ಕಾರಣ. ಆದರೆ ಒಂದು ಮಾತು ಹೇಳಬೇಕು. ಹೊಟ್ಟೆಕಿಚ್ಚು ಅವನ ಮನಸ್ಸಿಗಿತ್ತು, ಕೈಗಿರಲಿಲ್ಲ. ಗಾಳಿಗೆ ಕುಂಕುಮ ಹಾರಬಾರದೆಂದು ಗನ್ನನ್ನು ದೂರ ಹಿಡಿದು, ಒತ್ತಡ ತಗ್ಗಿಸಿ, ಮಂಜಿನ ಹಾಗೆ ಒಂದೊಂದೇ ಪದರ ಕೂರಿಸಿದ. ಕೆಟ್ಟದಾಗಿ ಹೊಡೆಯುವುದು ಅವನಿಗೆ ಬರುತ್ತಲೇ ಇರಲಿಲ್ಲ. ಮುಗಿದಾಗ ತಾಯಿಯ ಹೆಬ್ಬೆರಳಿನ ಗೆರೆಗಳು ಕೂಡ ಕುಂಕುಮದಲ್ಲಿ ಕಾಣುತ್ತಿದ್ದವು.

ಭಾನುವಾರ ಬೆಳಿಗ್ಗೆ ಬದರಿ ತನ್ನ ವಿಮಾನದ ಕುಂಕುಮವನ್ನು ಹತ್ತಿಯಲ್ಲಿ ಒರೆಸಿ, ಮತ್ತೊಮ್ಮೆ ಪಾಲಿಷ್ ಹಾಕಿದ. ಅಷ್ಟರಲ್ಲಿ ಸೀನು ಬಂದ. ಬೆಂಚಿನ ಮುಂದೆ ನಿಂತ. ಒಂದು ಬೆರಳಿನಿಂದ ರೆಕ್ಕೆಯನ್ನು ಮುಟ್ಟಿದ, ಹೊಗೆ ಇದ್ದ ಜಾಗದಲ್ಲಿ.

"ಏನಾಯ್ತೋ?"

"ಅಮ್ಮ ಒರೆಸ್ಬಿಟ್ರು ಮಗಾ. ಆಯುಧಪೂಜೆ ಅಂತ. ನಾನು ಬರೋ ಹೊತ್ತಿಗೆ ಎಲ್ಲಾ ಆಗೋಗಿತ್ತು," ಎಂದ ಬದರಿ. ಇಂಧನ ತಿನ್ನದಿರಲಿ ಎಂದು ಕ್ಲಿಯರನ್ನಾದರೂ ಹೊಡೆದೆ ಎಂದೂ ಸೇರಿಸಿದ. ವಿಮಲಾ ಅಡುಗೆಮನೆಯ ಕಿಟಕಿಯಿಂದ ಇತ್ತ ನೋಡಿ ಒಳಗೆ ಹೋದಳು. ಸೀನುವಿನ ಕಣ್ಣಲ್ಲಿ ನೀರು ನಿಂತಿತ್ತು. ಆದರೆ ಅವನು ಕಮಲಾದೇವಿಯವರ ಕೈಯ ಅನ್ನ ತಿಂದು ಬೆಳೆದವನು. ಅಮ್ಮನಿಗೆ ಏನೂ ಹೇಳಬೇಡ, ಪಾಪ ಬೇಜಾರು ಮಾಡ್ಕೋತಾರೆ ಎಂದು, ವಿಮಾನವನ್ನು ಅದೇ ಹೊದಿಕೆಯಲ್ಲಿ ಸುತ್ತಿದ.

ಬಯಲಿನಲ್ಲಿ ವಿಮಾನಗಳು ಸಾಲಾಗಿ ನಿಂತವು. ಬದರಿ ತನ್ನದನ್ನು ಸೀನುವಿನದರ ಪಕ್ಕದಲ್ಲೇ ಇಟ್ಟ. ಎರಡೂ ಹೊಳೆಯುತ್ತಿದ್ದವು. ಹೊಳಪಿನಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅವನಿಗೆ ಗೊತ್ತಿತ್ತು. ಸೀನುವಿನದು ಅಲ್ಲಲ್ಲಿ ಬಣ್ಣ ಕಿತ್ತ, ಕುಂಕುಮ ಇಟ್ಟ, ಅರ್ಥವಿಲ್ಲದ ಒಂದು ವಿಮಾನವಾಗಿ ಕಾಣುತ್ತಿತ್ತು. ಗುಂಪಿನವರು ಒಬ್ಬರಿಬ್ಬರು ಬಾಯಿ ಮುಚ್ಚಿಕೊಂಡು ನಕ್ಕರು. ತಿಂಗಳುಗಳ ನಂತರ ಬದರಿಗೆ ಮೊದಲ ಸಲ ಹಸಿವಾಯಿತು.

ದೇವದಾಸ್ ಕೈ ಹಿಂದೆ ಕಟ್ಟಿಕೊಂಡು ಬಂದರು. ಬದರಿಯ ವಿಮಾನದ ಮುಂದೆ ನಿಂತು, ಎಂದಿನಂತೆ ಬಹಳ ಚೆನ್ನಾಗಿದೆ ಎಂದರು. ಬದರಿ ರೇಡಿಯೋ ಪೆಟ್ಟಿಗೆ ಎತ್ತಿ ಕೊಡಲು ಬಗ್ಗಿದ. ಅವರು ಒಂದು ಹೆಜ್ಜೆ ಮುಂದಿಟ್ಟರು. ಸೀನುವಿನ ವಿಮಾನವನ್ನು ನೋಡಿದರು. ಕನ್ನಡಕ ತೆಗೆದರು, ಹಾಕಿಕೊಂಡರು. ಆಮೇಲೆ ವಯಸ್ಸಾದ ಆ ಮನುಷ್ಯ ಮಣ್ಣಿನಲ್ಲಿ ಮಂಡಿಯೂರಿ ಕೂತುಬಿಟ್ಟರು.

"ಇದು ಯಾರಿಗೆ ಹೊಳೀತು?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ತಾವೇ ನಿಧಾನವಾಗಿ ಹೇಳಿದರು. ನಲವತ್ತೇಳರ ದಸರಾ ಮುಗಿಯುತ್ತಲೇ ಅವರ ತುಕಡಿಗೆ ಕಾಶ್ಮೀರಕ್ಕೆ ಹೊರಡುವ ಹುಕುಂ ಬಂದಿತ್ತು. ಅವರ ವಿಮಾನ ನೋಡಿಕೊಳ್ಳುತ್ತಿದ್ದ ಫಿಟ್ಟರ್ ಹನುಮಯ್ಯ ಎಂಬಾತ ಮಂಡ್ಯದ ಕಡೆಯವನು. ಆಯುಧಪೂಜೆಯ ದಿನ ಅವನು ಸ್ಪಿಟ್‌ಫೈರನ್ನು ಮೇಲಿಂದ ಕೆಳಗೆ ತೊಳೆದು, ಮೂಗಿಗೆ ಹೀಗೇ ಹೆಬ್ಬೆರಳಿನಿಂದ ಕುಂಕುಮ ಒತ್ತಿದ್ದ. ಇದು ಇರೋ ತನಕ ನಿಮಗೇನೂ ಆಗಲ್ಲ ಸಾರ್ ಎಂದಿದ್ದ. ತಿರುಗಿ ಬಂದಾಗಲೆಲ್ಲ ಇಳಿದ ಕೂಡಲೇ ಮೊದಲು ನೋಡುತ್ತಿದ್ದದ್ದು ಆ ಕುಂಕುಮವನ್ನು.

"ಕೊಳೆ ಯಾರು ಬೇಕಾದ್ರೂ ಹಚ್ಚಬಹುದು ಕಣಯ್ಯಾ," ಎಂದರು. "ನಾನು ಹತ್ತಿದ ವಿಮಾನ ಇದು. ಕುಂಕುಮ ಒಂದು ಕಣಾನೂ ಚದುರಿಲ್ಲ, ನೋಡು."

ಸೀನು ಹೂಂ ಎಂದು ಸುಮ್ಮನಿದ್ದಿದ್ದರೆ ಬದರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆದರೆ ಸೀನು, ಇದು ನನಗೆ ಹೊಳೆದದ್ದಲ್ಲ ಸಾರ್, ಬದರಿಯ ಅಮ್ಮ ಇಟ್ಟದ್ದು, ಕ್ಲಿಯರ್ ಬದರಿಯದು ಎಂದುಬಿಟ್ಟ. ದೇವದಾಸ್ ಬದರಿಯ ಬೆನ್ನು ತಟ್ಟಿದರು. ಆಮೇಲೆ ಸೀನುವಿನ ರೇಡಿಯೋ ಪೆಟ್ಟಿಗೆ ತೆಗೆದುಕೊಂಡರು. ಸೀನುವಿನ ಸ್ಪಿಟ್‌ಫೈರ್ ಕೆಮ್ಮಣ್ಣು ಎಬ್ಬಿಸಿಕೊಂಡು ಓಡಿ ಅರೆಕೆರೆಯ ಮೇಲೆ ಏರಿತು. ಎಲ್ಲರೂ ಕತ್ತೆತ್ತಿ ನೋಡಿದರು. ಬದರಿ ಒಬ್ಬ ಕೆಳಗೆ ನೋಡುತ್ತಿದ್ದ, ತನ್ನ ವಿಮಾನದ ಮೂಗಿನ ಕಡೆ. ಅಲ್ಲೂ ನಿನ್ನೆ ಅದೇ ಹೆಬ್ಬೆರಳಿನ ಕುಂಕುಮ ಇತ್ತು. ತಾನೇ ಒರೆಸಿದ್ದ.

ಸಂಜೆ ಸೀನು ಮೈಸೂರುಪಾಕು, ಮಲ್ಲಿಗೆ ಹೂವು ಹಿಡಿದು ಮನೆಗೆ ಬಂದ. ಕಮಲಾದೇವಿಯವರ ಕಾಲಿಗೆ ನಮಸ್ಕಾರ ಮಾಡಿ ನಡೆದದ್ದನ್ನೆಲ್ಲ ಹೇಳಿದ. ಅವರಿಗೆ ಹಿಗ್ಗೋ ಹಿಗ್ಗು. ವಿಮಲಾ ಕಾಫಿ ತಂದಳು. ಬದರಿ ಮೂಲೆಯ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದ.

"ನಂದೇನಪ್ಪಾ ಇದೆ," ಎಂದರು ಕಮಲಾದೇವಿ. "ಅಷ್ಟು ಕೊಳೆ ಇತ್ತು, ಮುಟ್ಲೋ ಬೇಡ್ವೋ ಅಂತ ಇವನನ್ನೇ ಕೇಳ್ದೆ. ಚೆನ್ನಾಗಿ ಒರೆಸಮ್ಮಾ, ಒಂಚೂರೂ ಕೊಳೆ ಇರಬಾರ್ದು ಅಂದ. ಬಾಗಿಲಲ್ಲೇ ನಿಂತಿದ್ದ, ಮುಗಿಯೋ ತನಕ."

ವಿಮಲಾ ಗಂಡನ ಮುಖ ನೋಡಿದಳು, ಬದರಿ ಪೇಪರನ್ನು. ಸೀನು ಲೋಟವನ್ನು ತುಟಿಯಿಂದ ಇಳಿಸಿದ. ಹೌದಮ್ಮಾ, ಅವನು ಹೇಳಿದ್ದು ಒಳ್ಳೇದೇ ಆಯ್ತು ಎಂದು, ಕಾಫಿ ಕುಡಿದು ಎದ್ದ. ಮೈಸೂರುಪಾಕನ್ನು ಮುಟ್ಟಲಿಲ್ಲ.

ಗೇಟಿನವರೆಗೆ ಬದರಿ ಹಿಂದೆ ಹೋದ. ಬೈಯಲಿ ಎಂದು ಕಾದ. ಕೆನ್ನೆಗೆ ಒಂದು ಬಾರಿಸಿದರೂ ಸರಿ, ಇಬ್ಬರ ಲೆಕ್ಕ ಅಲ್ಲಿಗೆ ತೀರುತ್ತದೆ. ಸೀನು ಬೀದಿಯ ಕಡೆ ನೋಡುತ್ತ ಗೇಟಿನ ಚಿಲಕ ತೆಗೆದ.

"ಮುಂದಿನ ವರ್ಷಾನೂ ಕ್ಲಿಯರ್ ನೀನೇ ಹೊಡಿಬೇಕು ಬದರಿ," ಎಂದ. "ಆ ಕುಂಕುಮದ ಮೇಲೆ ಹಾಗೆ ಹೊಡಿಯೋದು ಇನ್ಯಾರಿಗೂ ಬರಲ್ಲ."

ಸೀನು ಸಿದ್ದಾಪುರದ ಕಡೆ ನಡೆದು ಹೋದ. ಬದರಿ ಗೇಟು ಹಿಡಿದು ಅಲ್ಲೇ ನಿಂತ. ತಪ್ಪು ತನ್ನದು ಎಂದು ಅವನಿಗೆ ಗೊತ್ತಿತ್ತು, ನಾಚಿಕೆಯೂ ಆಗಿತ್ತು. ಆದರೆ ಅದೆಲ್ಲಕ್ಕಿಂತ ಮೇಲೆ, ಹಳೆಯ ಜಾಗದಲ್ಲೇ, ಹಳೆಯ ಉರಿಯೇ ಎದ್ದಿತು. ಬಹುಮಾನ ಹೋಯಿತು, ದೇವದಾಸರ ಮೆಚ್ಚುಗೆ ಹೋಯಿತು, ತನ್ನ ತಾಯಿಯ ಕುಂಕುಮವೂ ಸೀನುವಿನ ಪಾಲಾಯಿತು. ಇಷ್ಟು ದೊಡ್ಡ ಮನಸ್ಸು ಕೂಡ ಆ ಸೀನುಗೇ ಇರಬೇಕಿತ್ತೇ ಎಂದು ಬದರಿನಾಥನಿಗೆ ಹೊಟ್ಟೆ ಉರಿಯಿತು.